ಐಪಿಸಿಸಿ: ಸ್ವಂತ ಸಂಶೋಧನೆ ಮಾಡದ ವಿಜ್ಞಾನ ಸಂಸ್ಥೆ

ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನಲ್ಲೇ ಅತಿ ಹೆಚ್ಚು ಮನ್ನಣೆ ಪಡೆದ ವರದಿಗಳನ್ನು ಕೊಡುವ ಐಪಿಸಿಸಿಗೆ ಸ್ವಂತದ್ದೊಂದು ಪ್ರಯೋಗಾಲಯವಿಲ್ಲ, ಉಪಗ್ರಹವಿಲ್ಲ, ಮಳೆಮಾಪಕವೂ ಇಲ್ಲ. ಬೇರೆಯವರು ಪ್ರಕಟಿಸಿದ ಸಂಶೋಧನೆಗಳನ್ನು ಓದಿ, ತೂಗಿ ನೋಡಿ, ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿಸುವುದೇ ಅದರ ಮುಖ್ಯ ಕೆಲಸ. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ 1988ರಲ್ಲಿ ಈ ಅಂತರಸರ್ಕಾರಿ ಸಮಿತಿಯನ್ನು ಹುಟ್ಟುಹಾಕಿದವು. ಸ್ವೀಡನ್ನಿನ ಬರ್ಟ್ ಬೊಲಿನ್ ಮೊದಲ ಅಧ್ಯಕ್ಷರು. ಕಚೇರಿ ಜಿನೀವಾದಲ್ಲಿದೆ, ಭಾರತವೂ ಸೇರಿ 195 ದೇಶಗಳು ಸದಸ್ಯರಾಗಿವೆ.

ಸಮಿತಿಯಲ್ಲಿ ಮೂರು ಕಾರ್ಯತಂಡಗಳಿವೆ. ಹವಾಮಾನದ ಭೌತವಿಜ್ಞಾನ ಮೊದಲನೆಯದರ ಪಾಲು. ಬಿಸಿಯೇರಿಕೆಯ ಪರಿಣಾಮ ಮತ್ತು ಅದಕ್ಕೆ ಹೊಂದಿಕೊಳ್ಳುವ ದಾರಿಗಳನ್ನು ಎರಡನೆಯದು, ಹಸಿರುಮನೆ ಅನಿಲಗಳನ್ನು ತಗ್ಗಿಸುವ ಬಗೆಯನ್ನು ಮೂರನೆಯದು ನೋಡಿಕೊಳ್ಳುತ್ತದೆ. ಸರ್ಕಾರಗಳು ಮತ್ತು ಮಾನ್ಯತೆ ಪಡೆದ ಸಂಸ್ಥೆಗಳು ಸೂಚಿಸಿದವರಲ್ಲಿ ಲೇಖಕರನ್ನು ಆರಿಸಲಾಗುತ್ತದೆ. ಸಮಿತಿ ಅವರಿಗೆ ಸಂಬಳ ಕೊಡುವುದಿಲ್ಲ. ಕರಡನ್ನು ಮೊದಲು ತಜ್ಞರು, ಆಮೇಲೆ ತಜ್ಞರೊಂದಿಗೆ ಸರ್ಕಾರಗಳೂ ಪರಿಶೀಲಿಸುತ್ತವೆ. ಬಂದ ಪ್ರತಿಯೊಂದು ಆಕ್ಷೇಪಕ್ಕೂ ಲಿಖಿತ ಉತ್ತರ ಕೊಡಬೇಕು. ಆರನೇ ವರದಿಯ ಮೊದಲ ಸಂಪುಟ 2021ರಲ್ಲಿ ಹೊರಬಂತು. 234 ಲೇಖಕರು 14,000ಕ್ಕೂ ಹೆಚ್ಚು ಪ್ರಬಂಧಗಳನ್ನು ಆಧರಿಸಿ ಬರೆದ ಅದಕ್ಕೆ 78,000ಕ್ಕೂ ಹೆಚ್ಚು ಟಿಪ್ಪಣಿಗಳು ಬಂದಿದ್ದವು.

ಕೊನೆಯ ಘಟ್ಟ ನೀತಿ ನಿರೂಪಕರಿಗಾಗಿ ಬರೆದ ಸಾರಾಂಶದ್ದು. ಅದರ ಒಂದೊಂದು ಸಾಲಿಗೂ ಎಲ್ಲ ಸರ್ಕಾರಗಳ ಪ್ರತಿನಿಧಿಗಳು ವಿಜ್ಞಾನಿಗಳ ಎದುರಿನಲ್ಲೇ ಒಪ್ಪಿಗೆ ಕೊಡಬೇಕು. ಪದಗಳ ಬಗ್ಗೆ ಚೌಕಾಸಿ ನಡೆಯಬಹುದು, ಆದರೆ ಮೂಲ ವರದಿಗೆ ವಿರುದ್ಧವಾದುದನ್ನು ಸೇರಿಸುವಂತಿಲ್ಲ. ಪದಗಳಿಗೂ ನಿಗದಿತ ಅಳತೆಯುಂಟು: ‘ಬಹಳ ಸಂಭವನೀಯ’ ಎಂದರೆ ಕನಿಷ್ಠ ಶೇ 90ರಷ್ಟು ಸಾಧ್ಯತೆ. ಈ ಏರ್ಪಾಟಿನಿಂದ ಮಾತು ಕೆಲವೊಮ್ಮೆ ಮೆತ್ತಗಾಗುತ್ತದೆಂಬ ಟೀಕೆಯಿದೆ. ಆದರೆ ತಾನೇ ಒಪ್ಪಿದ ಸಾಲನ್ನು ಯಾವ ಸರ್ಕಾರವೂ ಮುಂದೆ ಸುಲಭವಾಗಿ ಅಲ್ಲಗಳೆಯಲಾರದು.

ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಬುನಾದಿಯಾದದ್ದು ಈ ಬಲವೇ. 1990ರ ಮೊದಲ ವರದಿಯ ಬೆನ್ನಿಗೆ 1992ರ ಹವಾಮಾನ ಒಡಂಬಡಿಕೆ ಬಂತು. ಐದನೆಯದರ ನಂತರ 2015ರ ಪ್ಯಾರಿಸ್ ಒಪ್ಪಂದ. 2007ರಲ್ಲಿ ಭಾರತದ ಆರ್.ಕೆ. ಪಚೌರಿ ಅಧ್ಯಕ್ಷರಾಗಿದ್ದಾಗ ಸಮಿತಿ ಅಲ್ ಗೋರ್ ಜೊತೆ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡಿತು. ಎಡವಿದ್ದೂ ಅದೇ ವರ್ಷದ ವರದಿಯಲ್ಲಿ: 2035ರ ಹೊತ್ತಿಗೆ ಹಿಮಾಲಯದ ನೀರ್ಗಲ್ಲುಗಳು ಕಣ್ಮರೆಯಾಗಬಹುದೆಂಬ ಮಾತಿಗೆ ಗಟ್ಟಿ ಆಧಾರವಿರಲಿಲ್ಲ. 2010ರಲ್ಲಿ ಸಮಿತಿ ತಪ್ಪೊಪ್ಪಿಕೊಂಡಿತು. ಆಮೇಲೆ ಹೊರಗಿನ ತಜ್ಞರಿಂದ ತಪಾಸಣೆ ನಡೆದು ನಿಯಮಗಳು ಬಿಗಿಯಾದವು.

ಕರ್ನಾಟಕದವರ ಕೈಯೂ ಈ ಕೆಲಸದಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್, ಜಿ. ಬಾಲಾ ಮೊದಲಾದವರು ಲೇಖಕರಾಗಿ ದುಡಿದಿದ್ದಾರೆ. 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ 1850–1900ರ ಅವಧಿಗಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿತ್ತೆಂದು ಆರನೇ ವರದಿ ಹೇಳಿದೆ. 2023ರಲ್ಲಿ ಬ್ರಿಟನ್ನಿನ ಜಿಮ್ ಸ್ಕೀ ಅಧ್ಯಕ್ಷರಾಗಿ ಆಯ್ಕೆಯಾಗುವುದರೊಂದಿಗೆ ಏಳನೇ ಸುತ್ತು ಶುರುವಾಯಿತು. ನಗರಗಳ ಬಗ್ಗೆ ಪ್ರತ್ಯೇಕ ವರದಿಯೊಂದು ಈ ಸುತ್ತಿನ ವಿಶೇಷ.