ಗಂಡಭೇರುಂಡದ ನೆತ್ತಿಯ ಮೇಲೆ ಅಶೋಕ

ಹೊಳಲ್ಕೆರೆಯ ಪ್ರೌಢಶಾಲೆಯಲ್ಲಿ ನಾನು ಇತಿಹಾಸ ಹೇಳಿಕೊಡುತ್ತೇನೆ. ರಾಜ್ಯ ಲಾಂಛನದ ಪಾಠಕ್ಕೆ ನಾಡಕಚೇರಿಯಿಂದ ತಂದ ಒಂದು ಜಾತಿ-ಆದಾಯ ಪ್ರಮಾಣಪತ್ರ ಸಾಕು. ಅದರ ತಲೆಯಲ್ಲಿರುವ ಚಿತ್ರ ಎಲ್ಲ ಮಕ್ಕಳ ಮನೆಯಲ್ಲೂ ಇದೆ.

ನಡುವಿನ ಕೆಂಪು ಗುರಾಣಿಯಲ್ಲಿ ಬಿಳಿಯ ಗಂಡಭೇರುಂಡ. ಒಂದೇ ಮೈ, ಎರಡು ತಲೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ಇದಕ್ಕೆಂದೇ ಎತ್ತರದ ಕಂಬ ನಿಲ್ಲಿಸಿದರು. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಈ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಮುಂದೆ ಮೈಸೂರಿನ ಒಡೆಯರು ಅದನ್ನು ರಾಜಲಾಂಛನ ಮಾಡಿಕೊಂಡರು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಿ 1907ರಲ್ಲಿ ಮುಗಿಸಿದ್ದು ಅದೇ ಲಾಂಛನದ ಸರ್ಕಾರ. ಅರಸೊತ್ತಿಗೆ ಹೋದರೂ ಹಕ್ಕಿ ಉಳಿಯಿತು. ಹೊಸದುರ್ಗದ ನಿಲ್ದಾಣಕ್ಕೆ ಬರುವ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೂ ಇದೆ.

ಗುರಾಣಿಯ ಎರಡೂ ಪಕ್ಕದಲ್ಲಿ ಆನೆಯ ಮುಖ, ಸಿಂಹದ ಮೈಯ ಶರಭಗಳು. ಪುರಾಣದಲ್ಲಿ ನರಸಿಂಹನ ಉಗ್ರತೆ ತಣಿಸಲು ಶಿವ ಶರಭನಾದ. ಶರಭನನ್ನು ಎದುರಿಸಲು ವಿಷ್ಣು ಗಂಡಭೇರುಂಡನಾದ ಎನ್ನುತ್ತಾರೆ ವೈಷ್ಣವರು. "ಮಿಸ್, ಜಗಳ ಆಡಿದವರು ಇಲ್ಲಿ ಒಟ್ಟಿಗೆ ಯಾಕಿದ್ದಾರೆ?" ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಕಾದಾಡಿದವರೇ ಇಲ್ಲಿ ಒಬ್ಬರಿಗೊಬ್ಬರು ಕಾವಲು ನಿಂತಿದ್ದಾರೆ. ಶೈವ, ವೈಷ್ಣವ, ಜೈನ, ಮುಸ್ಲಿಂ ಎಲ್ಲರೂ ಬಾಳುವ ನಾಡಿಗೆ ಇದಕ್ಕಿಂತ ತಕ್ಕ ಗುರುತು ನನಗೆ ಕಾಣದು.

ಗುರಾಣಿಯ ಮೇಲೆ ಸಾರನಾಥದ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ಮುಂಡಕೋಪನಿಷತ್ತಿನ "ಸತ್ಯಮೇವ ಜಯತೇ". ಸಾರನಾಥ ದೂರವಾದರೂ ಅಶೋಕ ನಮಗೆ ದೂರದವನಲ್ಲ. ನಮ್ಮದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಬಂಡೆಗಲ್ಲಿನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ ಬಂದದ್ದು. ತಂದೆ-ತಾಯಿಯ ಮಾತು ನಡೆಸಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು ಎಂಬುದು ಅದರ ಸಾರ.

ದುರ್ಗದ ಕೋಟೆಗೆ ಪ್ರವಾಸ ಹೊರಡುವ ಶಾಲೆಗಳು ಬ್ರಹ್ಮಗಿರಿಗೂ ಹೋಗಲಿ. ನಾಳೆ ಈ ಲಾಂಛನದ ಕೆಳಗೆ ಸಹಿ ಹಾಕುವವರು ಇದೇ ಮಕ್ಕಳು. ಸತ್ಯ ಹೇಳಬೇಕೆಂಬ ಆಜ್ಞೆ ನಮ್ಮ ನೆಲಕ್ಕೆ ಅಧಿಕಾರಿಗಳ ಹೆಸರಿಗೇ ಬಂದಿತ್ತು ಎಂಬುದನ್ನು ಅವರು ಬಂಡೆಯ ಮುಂದೆಯೇ ನಿಂತು ಕಲಿಯಲಿ.