ಥಾಮಸ್ ಮಾರ್: ‘ಟೆರಿಟರಿ’ಯ ಅಧಿಕಾರ ಮತ್ತು ಅದರ ಮಿತಿ

ಕನ್ನಡದಲ್ಲಿ ಗಡಿನಾಡು ಎಂದೊಡನೆ ಎರಡು ಭಾಷೆಗಳು ಕೂಡುವ ಸೀಮೆ ನೆನಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ‘ಫ್ರಾಂಟಿಯರ್’ ಎಂಬುದರ ಅರ್ಥ ಬೇರೆ. ಮೂಲನಿವಾಸಿಗಳ ನೆಲದೊಳಕ್ಕೆ ವಲಸಿಗರು ನುಗ್ಗುತ್ತಿದ್ದ, ಕಾನೂನು ಇನ್ನೂ ಬೇರೂರದ ಪ್ರದೇಶವದು. ಅಲ್ಲಿ ರಚನೆಯಾದ ‘ಟೆರಿಟರಿ’ಗೆ ರಾಜ್ಯದ ಸ್ಥಾನವಿರಲಿಲ್ಲ. ಗವರ್ನರ್, ಕಾರ್ಯದರ್ಶಿ ಹಾಗೂ ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸುತ್ತಿದ್ದರು. ಶಾಸನಸಭೆಯನ್ನು ಮಾತ್ರ ಅಲ್ಲಿಯ ಮತದಾರರು ಆರಿಸುತ್ತಿದ್ದರು. ಈ ಎರಡು ಅಧಿಕಾರಮೂಲಗಳ ನಡುವಿನ ಬಿರುಕು ಥಾಮಸ್ ಫ್ರಾನ್ಸಿಸ್ ಮಾರ್‌ನ ಕೊನೆಯ ವರ್ಷಗಳಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

1823ರಲ್ಲಿ ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಜನಿಸಿದ ಮಾರ್, 1848ರ ಬಂಡಾಯಕ್ಕಾಗಿ ಮರಣದಂಡನೆಗೆ ಗುರಿಯಾದನು. ಶಿಕ್ಷೆಯನ್ನು ಗಡೀಪಾರಾಗಿ ಪರಿವರ್ತಿಸಿ ಅವನನ್ನು ಟಾಸ್ಮೇನಿಯಾಕ್ಕೆ ಕಳುಹಿಸಲಾಯಿತು. 1852ರಲ್ಲಿ ಅಲ್ಲಿಂದ ಪಾರಾಗಿ ನ್ಯೂಯಾರ್ಕ್ ಸೇರಿ, 1855ರಲ್ಲಿ ವಕೀಲನಾದನು. ಅಂತರ್ಯುದ್ಧದಲ್ಲಿ ಐರಿಷ್ ಬ್ರಿಗೇಡನ್ನು ಮುನ್ನಡೆಸಿದನು. 1865ರಲ್ಲಿ ಚಿನ್ನದ ಗಣಿಗಳ ಮೊಂಟಾನಾಕ್ಕೆ ಕಾರ್ಯದರ್ಶಿಯಾಗಿ ಬಂದಾಗ ಗವರ್ನರ್ ಎಡ್ಜರ್ಟನ್ ಊರು ಬಿಟ್ಟು ಹೊರಟಿದ್ದರಿಂದ ಹಂಗಾಮಿ ಗವರ್ನರ್ ಹೊಣೆ ಅವನ ಮೇಲೆ ಬಿತ್ತು.

1866ರ ಆರಂಭದ ಪ್ರಸಂಗವೊಂದು ಇಲ್ಲಿ ಮುಖ್ಯ. ಕೊಲೆಗಿಂತ ಲಘುವಾದ ನರಹತ್ಯೆಯ ಅಪರಾಧಕ್ಕಾಗಿ ಜೇಮ್ಸ್ ಡೇನಿಯಲ್ಸ್ ಎಂಬಾತನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಗಿತ್ತು. ನಾಗರಿಕರ ಮನವಿಯನ್ನು ಮನ್ನಿಸಿ ಮಾರ್ ಅವನ ಬಿಡುಗಡೆಗೆ ಆದೇಶಿಸಿದನು. ಇದು ಗವರ್ನರನ ಅಧಿಕಾರವ್ಯಾಪ್ತಿಯನ್ನು ಮೀರಿದ್ದೆಂದು ನ್ಯಾಯಾಧೀಶ ಮನ್ಸನ್ ವಾದಿಸಿದನು. ಆದರೆ ತೀರ್ಮಾನ ನ್ಯಾಯಾಲಯದಲ್ಲಿ ಆಗಲಿಲ್ಲ. ‘ವಿಜಿಲೆಂಟಿ’ ಎಂದು ಕರೆದುಕೊಳ್ಳುತ್ತಿದ್ದ ಸ್ವಯಂಘೋಷಿತ ದಂಡಾಧಿಕಾರಿಗಳು ಹೆಲೆನಾದಲ್ಲಿ ಡೇನಿಯಲ್ಸ್‌ನನ್ನು ಮರಕ್ಕೆ ನೇತುಹಾಕಿದರು. ಗವರ್ನರನ ಆದೇಶಪತ್ರ ಆಗಲೂ ಅವನ ಜೇಬಿನಲ್ಲಿತ್ತೆಂದು ಹೇಳಲಾಗುತ್ತದೆ. ಗಲ್ಲಿನಿಂದ ತಾನೇ ಉಳಿದು ಬಂದ ಮನುಷ್ಯನೊಬ್ಬ ಕೊಟ್ಟ ಕ್ಷಮೆಗೆ ಇನ್ನೊಬ್ಬನನ್ನು ಉಳಿಸುವ ಬಲವಿರಲಿಲ್ಲ.

ಶಾಸನಸಭೆಯ ವಿಷಯದಲ್ಲಿಯೂ ಹೀಗೆಯೇ. ಸಭೆ ಕರೆಯುವ ಅಧಿಕಾರ ತನಗಿಲ್ಲವೆಂದು ಮೊದಲು ಹೇಳಿದ್ದ ಮಾರ್, ಬಳಿಕ ನಿಲುವು ಬದಲಿಸಿ 1866ರಲ್ಲಿ ಅದನ್ನು ಕರೆದನು. ಡೆಮಾಕ್ರಟರ ಪ್ರಾಬಲ್ಯದ ಆ ಸಭೆಯನ್ನು ರಿಪಬ್ಲಿಕನ್ನರು ಒಪ್ಪಲಿಲ್ಲ. ಆ ವರ್ಷದ ಎರಡು ಅಧಿವೇಶನಗಳ ಶಾಸನಗಳನ್ನೂ ವಾಷಿಂಗ್ಟನ್ನಿನ ಕಾಂಗ್ರೆಸ್ 1867ರ ಮಾರ್ಚ್‌ನಲ್ಲಿ ಅಸಿಂಧುಗೊಳಿಸಿತು. ಹಸ್ತಕ್ಷೇಪಕ್ಕೆ ಪಕ್ಷದ ದ್ವೇಷವೂ ಕಾರಣವಾಗಿತ್ತು. ಹಾಗೆಂದು ಮಾರ್‌ನ ದುಡುಕನ್ನು ಅಲ್ಲಗಳೆಯಲಾಗದು.

ವಸಾಹತುಶಾಹಿಯ ವಿರುದ್ಧ ಬಂಡೆದ್ದವನು ಮೂಲನಿವಾಸಿಗಳೆದುರು ವಲಸಿಗರ ಸೇನೆ ಕಟ್ಟಿದನೆಂಬುದನ್ನು ಅವನ ಅಭಿಮಾನಿಗಳು ಸಾಮಾನ್ಯವಾಗಿ ಬದಿಗಿಡುತ್ತಾರೆ. ಆ ಸೇನೆಗೆ ಬರಬೇಕಿದ್ದ ಬಂದೂಕುಗಳಿಗಾಗಿಯೇ ಅವನು ಫೋರ್ಟ್ ಬೆಂಟನ್‌ಗೆ ಹೋಗಿದ್ದನು. 1867ರ ಜುಲೈ 1ರ ರಾತ್ರಿ ಅಲ್ಲಿ ಹಡಗಿನಿಂದ ಮಿಸ್ಸೌರಿ ನದಿಗೆ ಬಿದ್ದನು, ದೇಹ ಸಿಗಲಿಲ್ಲ. ಅನಾರೋಗ್ಯ, ಮದ್ಯ, ಕೊಲೆ ಎಂದು ಕಾರಣಗಳು ಇಂದಿಗೂ ಚರ್ಚೆಯಲ್ಲಿವೆ. ಡೇನಿಯಲ್ಸ್‌ನನ್ನು ನೇತುಹಾಕಿದ ಹೆಲೆನಾದಲ್ಲಿ 1905ರಲ್ಲಿ ಮಾರ್‌ನ ಅಶ್ವಾರೂಢ ಪ್ರತಿಮೆ ಸ್ಥಾಪನೆಯಾಯಿತು.