ಕಿಡಿಯ ಸಾಕ್ಷ್ಯ

ಮೋಟಾರು ಕಾರನ್ನು ನಾವು ಅದರ ಮೈಯ ಹೊಳಪಿನಿಂದ ಅಳೆಯುತ್ತೇವೆ. ಅದರ ಬದುಕಾದರೋ ಹೆಬ್ಬೆರಳ ಗಾತ್ರದ ಒಂದು ಸಾಧನದ ತುದಿಯಲ್ಲಿ ಹುಟ್ಟಿ ಸಾಯುವ ಕಿಡಿಯನ್ನು ನಂಬಿಕೊಂಡಿದೆ. ಆ ಸಾಧನವೇ ಸ್ಪಾರ್ಕ್ ಪ್ಲಗ್ಗು. ಬೆಲೆಬಾಳುವ ಕಾರಿನಲ್ಲಿ ಅದನ್ನು ಮನೆಯಲ್ಲಿಯೇ ಬದಲಾಯಿಸುವುದು ಹೇಗೆ, ಬದಲಾಯಿಸುವಾಗ ಕಾಣಬೇಕಾದುದು ಏನು ಎಂಬುದು ಇಂದಿನ ಮಾತಿನ ವಸ್ತು.

ನಮ್ಮ ಜಿಲ್ಲೆಯವರಿಗೆ 1902 ಮರೆಯಬಾರದ ವರ್ಷ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಪಡೆದ ವಿದ್ಯುತ್ತು ಅಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ವರ್ಷ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ರಾಬರ್ಟ್ ಬಾಷ್‌ನ ಕಾರ್ಖಾನೆಯ ಇಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಯಂತ್ರವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ಬಳಕೆಗೆ ತಂದ. ಇವೆರಡಕ್ಕೂ ನೇರ ಸಂಬಂಧವಿಲ್ಲ; ಆದರೆ ತತ್ತ್ವ ಒಂದೇ. ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತನ್ನು ದಾರಿ ತಪ್ಪದಂತೆ ಕಾಯಬೇಕು. ಗದ್ದೆಯ ಅಂಚಿನ ವಿದ್ಯುತ್ ಕಂಬದ ಮೇಲೆ ಕಾಣುವ ಪಿಂಗಾಣಿಯೂ ಪ್ಲಗ್ಗಿನ ಬಿಳಿಯ ಕೊರಳೂ ಮಾಡುವ ಕೆಲಸ ಇದೇ. ಆ ಕೊರಳು ಬಿರುಕು ಬಿಟ್ಟರೆ ಕಿಡಿ ಒಳಗೆ ಹಾರದೆ ಹೊರಗೇ ಸೋರಿಹೋಗುತ್ತದೆ.

ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ಮೊನೆಗಳ ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ತೆರಪು. ಸಿಲಿಂಡರಿನಲ್ಲಿ ಒತ್ತಿಹಿಡಿದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಆ ತೆರಪನ್ನು ಹಾರುವ ಕಿಡಿಯೇ ಬೆಂಕಿ ಕೊಡುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೊಂದರಂತೆ ಕಿಲೋಮೀಟರಿಗೆ ಸಾವಿರ ಕಿಡಿ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ಒಂದು ಪಯಣಕ್ಕೆ ಒಂದೊಂದು ಪ್ಲಗ್ಗೂ ಲಕ್ಷ ಸಲ ಕಿಡಿ ಹಾರಿಸಿರುತ್ತದೆ! ಹೀಗೆ ಹಾರಿದಾಗಲೆಲ್ಲ ಲೋಹ ಕಣಕಣವಾಗಿ ಸವೆಯುತ್ತದೆ, ತೆರಪು ಅಗಲವಾಗುತ್ತದೆ, ಕಡೆಗೆ ಕಿಡಿ ತಪ್ಪತೊಡಗುತ್ತದೆ.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಓಡಿಸಿದವರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡುವ ಗಾಡಿ. ಪ್ಲಗ್ಗಿಗೆ ಮಸಿ ಹಿಡಿಯುವುದು ಸಹಜ. ರಸ್ತೆಬದಿಯ ಮರದ ನೆರಳಿನಲ್ಲಿ ಪ್ಲಗ್ಗು ಬಿಚ್ಚಿ, ಉಜ್ಜಿ, ಮುಖ ನೋಡಿ, ಮತ್ತೆ ಹಾಕಿ ಹೊರಡುತ್ತಿದ್ದರು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಪ್ಲಗ್ಗು ಅಂದು ಮನೆಮಾತಾಗಿತ್ತು. ಇಂದು ಪ್ಲಾಟಿನಂ, ಇರಿಡಿಯಂ ಮೊನೆಯ ಪ್ಲಗ್ಗುಗಳು ಲಕ್ಷ ಕಿಲೋಮೀಟರಿನವರೆಗೂ ಬಾಳಬಲ್ಲವು. ಇದು ಲಾಭವೇ ಸರಿ. ಆದರೆ ಬಾಳಿಕೆ ಹೆಚ್ಚಿದಂತೆಲ್ಲ ಅದರ ಮುಖ ನೋಡುವವರೇ ಇಲ್ಲವಾದರು.

ಐಷಾರಾಮಿ ಕಾರಿನಲ್ಲಿ ತತ್ತ್ವ ಹೊಸದಲ್ಲ, ಮರೆಮಾಚಿಕೆ ಹೆಚ್ಚು. ಬೆಂಜ್ ಕಂಪನಿ 1997ರಲ್ಲಿ ಹೊರತಂದ ಆರು ಸಿಲಿಂಡರಿನ ಒಂದು ಇಂಜಿನ್ನಿಗೆ ಪ್ಲಗ್ಗುಗಳು ಹನ್ನೆರಡು. ಮಿಶ್ರಣಕ್ಕೆ ಎರಡು ಕಡೆಯಿಂದ ಬೆಂಕಿ ಹತ್ತಿದರೆ ಅದು ಬೇಗ, ಪೂರ್ತಿಯಾಗಿ ಉರಿಯಲೆಂದು ಈ ಜೋಡಿ. ಹಳೆಯದಾಗಿ ಕೊಂಡ ಅಂಥದೊಂದು ಕಾರು ನನ್ನ ತಮ್ಮನ ಮಗನಲ್ಲಿದೆ. ಮದ್ದೂರಿನ ಅವನ ಮನೆಯಂಗಳದಲ್ಲಿ ಹನ್ನೆರಡನ್ನೂ ಬದಲಾಯಿಸಿದಾಗ ನಾನು ಜೊತೆಗಿದ್ದೆ. ಕೆಲಸಕ್ಕೆ ಒಂದು ಬೆಳಗು ಪೂರ್ತಿ ಹಿಡಿಯಿತು.

ಮೊದಲ ನಿಯಮ, ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ಗು ಕೂರುವ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಮ್ಮಿನದು; ಬಿಸಿಯಲ್ಲಿ ಬಿಚ್ಚಿದರೆ ಅದರ ಥ್ರೆಡ್ಡು ಕಿತ್ತುಬರಬಹುದು. ಎರಡನೆಯದು, ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಗಾಳಿ ಊದಿ ತೆಗೆಯಬೇಕು; ಒಂದು ಹರಳು ಸಿಲಿಂಡರಿಗೆ ಬಿದ್ದರೂ ಕೇಡು. ಮೂರನೆಯದು, ವಯರನ್ನು ಎಳೆಯಬಾರದು. ಅದರ ಬುಡದ ಟೋಪಿಯನ್ನು ಹಿಡಿದು, ತುಸು ಹೊರಳಿಸಿ ಬಿಡಿಸಬೇಕು. ನಾಲ್ಕನೆಯದು, ಒಂದನ್ನು ಬಿಚ್ಚಿ ಅಲ್ಲಿಗೆ ಹೊಸದನ್ನು ಹಾಕಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಆಗ ವಯರುಗಳು ಅದಲುಬದಲಾಗವು. ಬಿಚ್ಚಿದ್ದನ್ನು ಸಂಖ್ಯೆ ಬರೆದ ರಟ್ಟಿನ ಮೇಲೆ ಸಾಲಾಗಿ ಇಡಬೇಕು.

ಹೊಸ ಪ್ಲಗ್ಗನ್ನು ಕೂರಿಸುವಾಗ ಮೊದಲ ಸುತ್ತುಗಳು ಸ್ಪ್ಯಾನರಿನದಲ್ಲ, ಬೆರಳಿನವು. ಬೆರಳು ಎಟುಕದ ಕಡೆ ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡೊಂದನ್ನು ಸಿಕ್ಕಿಸಿ ತಿರುಗಿಸಿದೆವು. ಥ್ರೆಡ್ಡು ಅಡ್ಡ ಹತ್ತಿದರೆ ಪೈಪು ತಾನೇ ಜಾರಿ ಎಚ್ಚರಿಸುತ್ತದೆ. ಕಡೆಯ ಬಿಗಿತಕ್ಕೆ ಟಾರ್ಕ್ ರೆಂಚು ಬೇಕು; ಎಷ್ಟು ಬಿಗಿಯಬೇಕೆಂಬುದಕ್ಕೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. "ಇನ್ನೊಂಚೂರು ಬಿಗಿಯಲಾ, ದೊಡ್ಡಪ್ಪ?" ಎಂದ ಹುಡುಗ. "ಬೇಡ ಕಣಪ್ಪ, ರೆಂಚು ಸಾಕು ಅಂದ ಮೇಲೆ ಸಾಕು" ಎಂದೆ.

ಇನ್ನು ಮುಖ್ಯವಾದ ಮಾತು. ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮೊದಲು ಓದಬೇಕು. ಮೊನೆಯ ಸುತ್ತ ತೆಳು ಕಂದು ಅಥವಾ ಬೂದು ಬಣ್ಣವಿದ್ದರೆ ಸಿಲಿಂಡರು ಆರೋಗ್ಯವಾಗಿದೆ. ಒಣಗಿದ ಕರಿಮಸಿಯಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೆ ಕಿಡಿ ದುರ್ಬಲ. ಬಿಳಿಚಿಕೊಂಡು ಬೊಕ್ಕೆ ಎದ್ದಿದ್ದರೆ ಮಿತಿಮೀರಿದ ಕಾವು. ಎಣ್ಣೆಯಿಂದ ತೊಯ್ದಿದ್ದರೆ ಇಂಜಿನ್ನಿನ ಎಣ್ಣೆ ಎಲ್ಲಿಂದಲೋ ಒಳಗೆ ಒಸರುತ್ತಿದೆ. ನಮ್ಮ ರಟ್ಟಿನ ಮೇಲೆ ಹತ್ತು ಪ್ಲಗ್ಗುಗಳು ಕಂದಾಗಿದ್ದವು. ಒಂದೇ ಸಿಲಿಂಡರಿನ ಜೋಡಿ ಮಾತ್ರ ಎಣ್ಣೆಯಲ್ಲಿ ಮಿಂದಿತ್ತು. ಹನ್ನೆರಡು ಹೊಸ ಪ್ಲಗ್ಗು ಬಿದ್ದ ಮೇಲೆ ಕಾರು ಸೊಗಸಾಗಿ ಓಡಿತು. ಅಷ್ಟಕ್ಕೆ ತೃಪ್ತರಾಗಿದ್ದರೆ ರೋಗ ಒಳಗೇ ಉಳಿಯುತ್ತಿತ್ತು. ಆ ಜೋಡಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಮಂಡ್ಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆವು. ಅವರು ಆ ಸಿಲಿಂಡರನ್ನೇ ಪರೀಕ್ಷಿಸಿ, ವಾಲ್ವಿನ ಸೀಲು ಸವೆದಿದೆ ಎಂದು ಕಂಡುಹಿಡಿದರು.

ಉಪೇಕ್ಷೆಯ ಬೆಲೆ ಸಣ್ಣದಲ್ಲ. ಕಿಡಿ ತಪ್ಪಿದ ಸಿಲಿಂಡರಿನಿಂದ ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ, ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಪ್ಲಗ್ಗುಗಳ ಬೆಲೆ ಏನೇನೂ ಅಲ್ಲ.

ಎಲ್ಲರೂ ಸ್ಪ್ಯಾನರ್ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಕಾರು ಡೀಸೆಲಿನದಾದರೆ ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇರದು. ಇಂಜಿನ್ನಿನ ಅರ್ಧಭಾಗ ಕಳಚಿದ ಹೊರತು ಪ್ಲಗ್ಗು ಕಾಣದಂಥ ಕಾರುಗಳೂ ಉಂಟು. ಪ್ಲಗ್ಗು ಮಿಸುಕದೆ ಹಟ ಹಿಡಿದಾಗ ಬಲ ತೋರಿಸದೆ ಬಲ್ಲವರಿಗೆ ಒಪ್ಪಿಸುವುದೇ ವಿವೇಕ. ಆದರೆ ಯಾರೇ ಬದಲಾಯಿಸಲಿ, ಹಳೆಯ ಪ್ಲಗ್ಗುಗಳನ್ನು ಸಾಲಾಗಿ ತೋರಿಸಿರೆಂದು ಕೇಳುವ ಹಕ್ಕು ಕಾರಿನ ಒಡೆಯನಿಗಿದೆ. ಹೊಸದು ಕಾರನ್ನು ಓಡಿಸುತ್ತದೆ. ಕಾರು ಇಷ್ಟು ದಿನ ಹೇಗೆ ಓಡಿತೆಂಬ ಸಾಕ್ಷ್ಯ ಹಳೆಯದರಲ್ಲಿರುತ್ತದೆ.